ಬೆಂಗಳೂರಿನ ಹೊರವಲಯದಲ್ಲಿ ಗೂಢಲಿಪಿಶಾಸ್ತ್ರ: ಒಂದು ಚಾರಿತ್ರಿಕ ವಿವೇಚನೆ

ಗುಟ್ಟನ್ನು ಕಾಯುವ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಆ ವಿದ್ಯೆಯು ತನ್ನ ದಾಖಲೆಗಳನ್ನೂ ಗುಟ್ಟಾಗಿಯೇ ಇಟ್ಟುಕೊಂಡಿರುವುದು. ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ಎರಡನೆಯದಕ್ಕೆ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಕಾರವಿದ್ದಿತು. ಕಾಲಕ್ರಮದಲ್ಲಿ ಈ ಕಾರ್ಖಾನೆಗಳಿಂದ ಗೂಢಸಂದೇಶದ ಉಪಕರಣಗಳೂ ಹೊರಬಂದುವು. ಆದರೆ ಅವುಗಳನ್ನು ರೂಪಿಸಿದವರು ಆ ಗಣಿತವನ್ನು ಯಾರಲ್ಲಿ, ಹೇಗೆ ಕಲಿತರೆಂಬುದು ಸಾರ್ವಜನಿಕ ವರದಿಗಳಿಂದ ತಿಳಿಯುವಂತಹುದಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆಯ ಮೂಲವನ್ನು 'ಸಿರಿಭೂವಲಯ'ದಲ್ಲಿ ಕಾಣುವವರುಂಟು. 1953ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ 729 ಮನೆಗಳ ಚಕ್ರಗಳಿದ್ದು, 1ರಿಂದ 64ರವರೆಗಿನ ಅಂಕಗಳು ಅಕ್ಷರಗಳಿಗೆ ಬದಲಾಗಿ ನಿಂತಿವೆ. ಅದರ ಕಾಲನಿರ್ಣಯದ ವಿವಾದ ಹಾಗಿರಲಿ. ಓದುವ ಬಂಧವು ತಿಳಿದೊಡನೆ ಅಲ್ಲಿ ಗುಟ್ಟು ಉಳಿಯುವುದಿಲ್ಲ. ಕೆರ್ಕಾಫ್ಸ್ ಎಂಬ ವಿದ್ವಾಂಸನು 1883ರಲ್ಲಿ ಪ್ರತಿಪಾದಿಸಿದ ತತ್ತ್ವವು ಇದಕ್ಕೆ ವಿರುದ್ಧವಾದುದು: ವಿಧಾನವು ಶತ್ರುವಿನ ಕೈಸೇರಿದರೂ ಕೀಲಿಯೊಂದು ಭದ್ರವಾಗಿದ್ದರೆ ಸಾಕು. ಈ ತತ್ತ್ವವನ್ನು ಒಪ್ಪಿದ ಮೇಲಲ್ಲದೆ ಗೂಢಲಿಪಿಶಾಸ್ತ್ರವು ವಿಶ್ವವಿದ್ಯಾನಿಲಯದ ಪಾಠವಾಗಲಾರದಷ್ಟೆ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಅವರು ಬಹಿರಂಗ ಕೀಲಿಯ ಕಲ್ಪನೆಯನ್ನು ಪ್ರಕಟಿಸಿದ ಬಳಿಕ ಅದು ನಿಸ್ಸಂದೇಹವಾಗಿ ಪ್ರಕಟಿತ ವಿದ್ಯೆಯಾಯಿತು.

ಅದೇ 1976ರಲ್ಲಿ ಕಿಯೋನಿಕ್ಸ್ ಹುಟ್ಟಿತು. ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು 1999ರಲ್ಲಿ ವೈಟ್‌ಫೀಲ್ಡಿನಲ್ಲಿ ಆರಂಭಗೊಂಡು 2003ರಲ್ಲಿ ಇಲ್ಲಿಗೆ ಬಂದಿತು. ಗೂಢಲಿಪಿಶಾಸ್ತ್ರದಲ್ಲಿ ಡಾಕ್ಟರೇಟ್ ಸಂಶೋಧನೆಗೆ ಇಂದು ಅಲ್ಲಿ ಅವಕಾಶವಿದೆ. ಕಾರ್ಖಾನೆಯ ಗೋಡೆಯೊಳಗಿದ್ದ ವಿದ್ಯೆಯು ಹೊರವಲಯದಲ್ಲಿಯೇ ತರಗತಿಗೆ ಬಂದುದನ್ನು ನಾವು ಮುಖ್ಯವಾದ ತಿರುವೆಂದು ಎಣಿಸುತ್ತೇವೆ.

ಈ ತಿರುವು ಬರಿಯ ಪಂಡಿತರ ಸಂಗತಿಯಲ್ಲ. ಗಣಕವು ಕಣ್ಣಿಗೆ ಬೀಳದಂತೆ ಎಲ್ಲ ವಸ್ತುಗಳಲ್ಲಿಯೂ ಬೆರೆತುಹೋಗುವುದೆಂದು ಮಾರ್ಕ್ ವೈಸರ್ 1991ರಲ್ಲಿ ಬರೆದನು. ಈಗ ವಿದ್ಯುತ್ ಮೀಟರಿನಲ್ಲಿ, ಬಾಗಿಲಿನ ಬೀಗದಲ್ಲಿ, ಪಂಪಿನಲ್ಲಿ ಅದು ಸೇರಿಕೊಂಡಿದೆ. ಪೀಣ್ಯದ ಚಿಕ್ಕ ಕಾರ್ಖಾನೆಯೊಂದರಲ್ಲಿ ನಾವು ವಿಚಾರಿಸಿದಾಗ, ತಯಾರಾಗುವ ಎಲ್ಲ ಉಪಕರಣಗಳಿಗೂ ಒಂದೇ ಕೀಲಿಯನ್ನು ಹಾಕಿ ಕಳುಹಿಸುವುದಾಗಿ ತಿಳಿದುಬಂದಿತು. ಒಂದನ್ನು ಒಡೆದವನಿಗೆ ಎಲ್ಲವೂ ತೆರೆದಂತೆಯೇ. ಒಡೆಯುವುದಾದರೂ ಕಷ್ಟವಲ್ಲ. ಲೆಕ್ಕ ನಡೆಯುತ್ತಿರುವಾಗ ಚಿಪ್ಪು ಎಳೆದುಕೊಳ್ಳುವ ವಿದ್ಯುತ್ತು ಕೀಲಿಯ ಅಂಕಗಳಿಗೆ ತಕ್ಕಂತೆ ಕಿಂಚಿತ್ ಏರಿಳಿಯುತ್ತದೆ. ಅದನ್ನು ಮತ್ತೆ ಮತ್ತೆ ಅಳೆದು ಕೀಲಿಯನ್ನೇ ಊಹಿಸಬಹುದೆಂದು ಪಾಲ್ ಕೋಚರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅಂದರೆ ಗಣಿತ ನಿರ್ದುಷ್ಟವಾಗಿದ್ದರೂ ತಂತಿ ಚಾಡಿ ಹೇಳುತ್ತದೆ! ಗುಟ್ಟನ್ನು ಯಾದೃಚ್ಛಿಕ ಭಾಗಗಳಾಗಿ ಒಡೆದು ಲೆಕ್ಕಮಾಡುವುದು ಇದಕ್ಕೊಂದು ಪರಿಹಾರ. ಆದರೆ ಅದರಿಂದ ಕೆಲಸವೂ ವೆಚ್ಚವೂ ಹೆಚ್ಚುತ್ತವೆ. ಇಂತಹ ಬಡ ಚಿಪ್ಪುಗಳಿಗೆಂದೇ ಅಮೆರಿಕದ ಮಾನಕ ಸಂಸ್ಥೆಯು 2023ರಲ್ಲಿ 'ಆಸ್ಕಾನ್' ವಿಧಾನವನ್ನು ಆರಿಸಿತು. ಅದು ಆಸ್ಟ್ರಿಯದ ಗ್ರಾಟ್ಸ್ ನಗರದ ಸಂಶೋಧಕರಿಂದ ಬೆಳೆದುದು.

ಅಂತಹ ಕೆಲಸಕ್ಕೆ ಗಣಿತವನ್ನೂ ಬೆಸುಗೆಯನ್ನೂ ಬಲ್ಲವರು ಬೇಕು. ಅವರನ್ನು ಬೆಳೆಸಲು ವರ್ಷಗಳು ಹಿಡಿಯುತ್ತವೆ. ಆದರೆ ಪಕ್ಕದ ರಸ್ತೆಯ ಕಂಪನಿಯು ಅದೇ ವಿದ್ಯಾರ್ಥಿಯನ್ನು ಸ್ನಾತಕೋತ್ತರ ಪದವಿ ಮುಗಿದೊಡನೆಯೇ ಕರೆದುಕೊಳ್ಳುತ್ತದೆ. 2014ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ, ವಿಶ್ವೇಶ್ವರಯ್ಯನವರ ಹೆಸರಿನ ಪಿಎಚ್.ಡಿ. ಯೋಜನೆಯಲ್ಲಿ ಅರೆಕಾಲಿಕ ಅಭ್ಯರ್ಥಿಗಳಿಗೂ ಸ್ಥಾನವಿತ್ತುದು ನಮ್ಮ ಮಟ್ಟಿಗೆ ವಿವೇಕದ ಕ್ರಮ. ಈ ಹೊರವಲಯದಲ್ಲಿ ಉದ್ಯೋಗವನ್ನು ಬಿಟ್ಟು ಓದಬಲ್ಲವರು ವಿರಳ.

ಹೀಗೆ ಸಿದ್ಧವಾಗುವ ಪ್ರಬಂಧಗಳು ಗ್ರಂಥಾಲಯ ಸೇರುವುದರಿಂದ ಮುಂದಿನ ಚರಿತ್ರಕಾರನಿಗೆ ನಮ್ಮ ತೊಡಕಿರಲಾರದು. ಜಾಲಹಳ್ಳಿಯ ಮೊದಲ ತಲೆಮಾರಿನವರಲ್ಲಿ ಉಳಿದಿರುವವರು ತೊಂಬತ್ತರ ಆಸುಪಾಸಿನವರು. ಗೋಪ್ಯತೆಯ ನಿಯಮಗಳಿಗೆ ಭಂಗಬಾರದ ಮಟ್ಟಿಗೆ ಅವರ ನೆನಪುಗಳನ್ನು ಬರೆದಿಡುವ ಕಾರ್ಯವನ್ನು ಬರುವ ಬೇಸಗೆಯ ರಜೆಯಲ್ಲಿ ನಾವು ಕೈಗೊಳ್ಳಲಿದ್ದೇವೆ.