ಬೀದರ ಸೀಮೆಯ ಶೀತೋಪಚಾರವೂ ಜೀರ್ಣೋದ್ಧಾರಧರ್ಮವೂ

ಕರ್ಣಾಟಕದ ಶಾಸನಗಳನ್ನು ಪರಿಶೀಲಿಸಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಪದಪುಂಜವು ಚಿರಪರಿಚಿತವಾದುದು. ದೇವಾಲಯವನ್ನು ಕಟ್ಟಿಸಿದವನು ಅದಕ್ಕೆ ಭೂಮಿಯನ್ನು ಬಿಡುವಾಗ ನಿತ್ಯಪೂಜೆಗೆ ಮಾತ್ರವಲ್ಲದೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೂ ಆದಾಯವನ್ನು ಗೊತ್ತುಮಾಡುತ್ತಿದ್ದನು. ಕೆರೆಗಳಿಗೆ ಬಿಡುತ್ತಿದ್ದ ಬಿತ್ತುವಟ್ಟದ ಉದ್ದೇಶವೂ ಇಂಥದೇ. ನಿರ್ಮಾಣದ ಕಾಲದಲ್ಲಿಯೇ ರಕ್ಷಣೆಯನ್ನೂ ಯೋಚಿಸತಕ್ಕುದೆಂಬುದು ಇದರಿಂದ ಹೊರಡುವ ತತ್ತ್ವ. ಈ ತತ್ತ್ವವನ್ನು ಮೋಟಾರು ಬಂಡಿಯೊಳಗಿನ ಶೀತಯಂತ್ರಕ್ಕೂ ಉಷ್ಣಯಂತ್ರಕ್ಕೂ ಅನ್ವಯಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಾಹಿತ್ಯಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ವಾಚಕರು ಕೇಳಬಹುದು. ಒಂದು ಬೇಸಗೆಯಲ್ಲಿ ಭಾಲ್ಕಿಯಿಂದ ಔರಾದಕ್ಕೆ ಬಾಡಿಗೆಯ ಕಾರಿನಲ್ಲಿ ಹೋಗುವಾಗ ತಂಪು ನಿಂತುಹೋಗಿ, ಚಾಲಕನು ದಾರಿಯ ಒಂದು ಮರಮ್ಮತ್ತಿನ ಅಂಗಡಿಯಲ್ಲಿ ಬಂಡಿಯನ್ನು ನಿಲ್ಲಿಸಿದನು. “ಗ್ಯಾಸು ಮುಗಿದದ, ತುಂಬಸಬೇಕು” ಎಂದು ಮಿಸ್ತ್ರಿಯು ಹೇಳಿದನು. ಅವನ ಕೈಕೆಳಗಿನ ಹುಡುಗನು ಕಣ್ಣಿಗೆ ಮರೆಯಿಲ್ಲದೆ, ಬರಿಗೈಯಲ್ಲಿ ಒಂದು ನಳಿಗೆಯ ಬಂಧವನ್ನು ಸಡಿಲಿಸಿದನು. ಬುಸ್ಸೆಂದು ಬಿಳಿಯ ಹಬೆಯೆದ್ದಿತು. ಹುಡುಗನ ಎರಡು ಬೆರಳುಗಳು ಸುಟ್ಟಂತೆ ಬೆಳ್ಳಗಾದುವು. ಕಣ್ಣುಳಿದುದು ದೈವಯೋಗ. ಆ ಅನರ್ಥಕ್ಕೆ ಅಜ್ಞಾನದೊಂದಿಗೆ ‘ಮುಗಿದದ’ ಎಂಬ ಆ ಮಾತೂ ಕಾರಣವೆಂದು ನನಗೆ ಆಮೇಲೆ ಹೊಳೆಯಿತು. ಶಬ್ದದೋಷವು ಶರೀರಕ್ಕೆ ಮುಟ್ಟುವಲ್ಲಿ ಪಂಡಿತನು ಸುಮ್ಮನಿರಲಾಗದು.

ಶೀತೋಪಚಾರವು ನಮ್ಮಲ್ಲಿ ಹೊಸದಲ್ಲ. ಬಾಣನ ಕಾದಂಬರಿಯಲ್ಲಿ ಹಿಮಗೃಹದ ವರ್ಣನೆಯಿದೆ. 11ನೆಯ ಶತಮಾನದ ಭೋಜನ ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯದಲ್ಲಿ ಧಾರಾಗೃಹಗಳ ವಿಧಾನ ಬರುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳನ್ನು ನಿರೂಪಿಸುವಾಗ ಪಾನೀಯವನ್ನೂ ಯಾನವನ್ನೂ ಸೇರಿಸಿದ್ದಾನೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆದರೆ ಈ ಶೀತವೆಲ್ಲ ನೀರಿನಿಂದ, ನೆರಳಿನಿಂದ, ಗಾಳಿಯಿಂದ ಬಂದುದು. ಕೆಟ್ಟರೆ ತಂಪು ಹೋಗುತ್ತಿತ್ತೇ ಹೊರತು ಸರಿಪಡಿಸುವವನ ಕಣ್ಣು ಹೋಗುತ್ತಿರಲಿಲ್ಲ.

ರಕ್ಷಣೆಯನ್ನು ನಿರ್ಮಾಣದಲ್ಲಿಯೇ ಅಡಕಮಾಡಿದುದಕ್ಕೆ ಬೀದರ ನಗರದಲ್ಲಿಯೇ ಉತ್ತಮ ನಿದರ್ಶನವಿದೆ. 15ನೆಯ ಶತಮಾನದಲ್ಲಿ ಅಹಮದ್ ಶಾಹನು ಬಹಮನಿ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದನು. ಈ ಎತ್ತರದ ನೆಲದಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆಯ ಪದರ, ಅದರ ಕೆಳಗೆ ಕರಿಗಲ್ಲು. ಮಳೆಯ ನೀರು ಜಂಬಿಟ್ಟಿಗೆಯಲ್ಲಿ ಇಂಗಿ ಕರಿಗಲ್ಲಿನ ಮೇಲೆ ನಿಲ್ಲುತ್ತದೆ. ಪಾರಸೀಕ ಪದ್ಧತಿಯನ್ನನುಸರಿಸಿ ನೌಬಾದಿನಲ್ಲಿ ತೋಡಿದ ಕರೇಜು, ಅಂದರೆ ಸುರಂಗಬಾವಿ, ಆ ನೀರನ್ನು ಅಲ್ಪವಾದ ಇಳಿಜಾರಿನಲ್ಲಿ ಹೊರಕ್ಕೆ ಹರಿಯಿಸುತ್ತದೆ. ಸುರಂಗದ ಮೇಲೆ ಅಲ್ಲಲ್ಲಿ ನೇರವಾಗಿ ಇಳಿಯುವ ಬಾವಿಗಳುಂಟು. ಇವು ತೋಡುವವರಿಗೆ ಗಾಳಿಯನ್ನೂ ಬೆಳಕನ್ನೂ ಕೊಟ್ಟುವು. ತರುವಾಯ ಹೂಳೆತ್ತುವವರಿಗೆ ದ್ವಾರಗಳಾದುವು. ಈ ದ್ವಾರಗಳನ್ನು ಮರೆತು ಮುಚ್ಚಿದಾಗ ಕರೇಜು ಹೂಳಿನಿಂದ ಕಟ್ಟಿತು. 21ನೆಯ ಶತಮಾನದಲ್ಲಿ ಹೂಳೆತ್ತಿದಾಗ ಮತ್ತೆ ನೀರು ಕಂಡಿತು. ಮೋಟಾರಿನ ಶೀತಯಂತ್ರದಲ್ಲಿಯೂ ಇಂಥ ಎರಡು ದ್ವಾರಗಳುಂಟು, ಹೆಚ್ಚಿನ ಒತ್ತಡದ ಪಕ್ಕಕ್ಕೊಂದು, ಕಡಿಮೆಯ ಒತ್ತಡದ ಪಕ್ಕಕ್ಕೊಂದು. ಇವುಗಳನ್ನು ಬಿಟ್ಟು ಬಂಧವನ್ನು ಬಿಚ್ಚುವವನು ಕರೇಜಿನ ಬಾವಿಯನ್ನು ಬಿಟ್ಟು ಸುರಂಗದ ಮಾಡನ್ನೇ ಒಡೆದಂತೆ.

ಇನ್ನು ಈ ಯಂತ್ರದ ಇತಿಹಾಸ. ದ್ರವವು ಆವಿಯಾಗುವಾಗ ಶಾಖವನ್ನು ಹೀರುವುದೂ, ಆವಿಯನ್ನು ಒತ್ತಿ ತಣಿಸಿದರೆ ಶಾಖವನ್ನು ಬಿಟ್ಟು ಮತ್ತೆ ದ್ರವವಾಗುವುದೂ ಇದರ ಮೂಲಸೂತ್ರ. ಮೊದಲಿಗೆ ಶೀತಯಂತ್ರಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡು ಮೊದಲಾದ ವಿಷವಾಯುಗಳಿದ್ದುವು. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿಯೂ ಅವನ ಸಂಗಡಿಗರೂ ಸಿದ್ಧಪಡಿಸಿದ, ಮುಂದೆ ಆರ್-12 ಎಂದು ಹೆಸರಾದ ದ್ರವ್ಯವು ಉರಿಯದು, ವಿಷವೂ ಅಲ್ಲವೆಂದು ಪ್ರಶಂಸೆಗೆ ಪಾತ್ರವಾಯಿತು. 1939ರಲ್ಲಿ ಪ್ಯಾಕಾರ್ಡ್ ಸಂಸ್ಥೆಯು ಕಾರಿಗೆ ಶೀತಯಂತ್ರವನ್ನು ಜೋಡಿಸಿ ಪ್ರದರ್ಶಿಸಿತು. ಆದರೆ ಅದನ್ನು ನಿಲ್ಲಿಸಬೇಕಾದರೆ ಎಂಜಿನನ್ನು ನಿಲ್ಲಿಸಿ, ಮುಚ್ಚಳವನ್ನೆತ್ತಿ, ಪಟ್ಟಿಯನ್ನೇ ಕಳಚಬೇಕಾಗಿತ್ತು! 1954ರಲ್ಲಿ ನ್ಯಾಶ್ ಸಂಸ್ಥೆಯು ತಂಪು, ಬಿಸಿ, ಗಾಳಿ ಮೂರನ್ನೂ ಒಂದೇ ವ್ಯವಸ್ಥೆಯಲ್ಲಿ ಸೇರಿಸಿತು.

ನಿರಪಾಯವೆನಿಸಿದ ಆರ್-12ರ ದೋಷವು ಕಾಲಾಂತರದಲ್ಲಿ ಪ್ರಕಟವಾಯಿತು. ಇಂಥ ದ್ರವ್ಯಗಳು ಮೇಲಿನ ವಾಯುಮಂಡಲದ ಓಝೋನನ್ನು ನಾಶಮಾಡುವುವೆಂದು 1974ರಲ್ಲಿ ಮೊಲೀನ, ರೋಲಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವು ಅದನ್ನು ಸೇರಿ, 2000ದಲ್ಲಿ ಅದಕ್ಕನುಗುಣವಾದ ನಿಯಮಗಳನ್ನು ಮಾಡಿತು. ಆರ್-12ರ ಸ್ಥಾನಕ್ಕೆ ಬಂದ ಆರ್-134ಎ ಓಝೋನಿಗೆ ಅಪಾಯಕರವಲ್ಲವಾದರೂ, ಭೂಮಿಯನ್ನು ಬಿಸಿಮಾಡುವುದರಲ್ಲಿ ಅಂಗಾರಾಮ್ಲಕ್ಕಿಂತ ಸಾವಿರಕ್ಕೂ ಹೆಚ್ಚು ಮಡಿ ಬಲವುಳ್ಳದ್ದು. ಅದರ ಬದಲು ಬಂದಿರುವ ಆರ್-1234ವೈಎಫ್ ಸ್ವಲ್ಪಮಟ್ಟಿಗೆ ಉರಿಯತಕ್ಕುದು. ಒಂದು ದೋಷವನ್ನು ಪರಿಹರಿಸಲು ಹೊರಟು ಇನ್ನೊಂದನ್ನು ಕಂಡುಕೊಳ್ಳುವುದೇ ಈ ಇತಿಹಾಸದ ಕ್ರಮ. ಆದುದರಿಂದ ಯಾವ ಬಂಡಿಯಲ್ಲಿ ಯಾವ ದ್ರವ್ಯವಿದೆಯೆಂಬುದನ್ನು ಮುಚ್ಚಳದಡಿಯ ಚೀಟಿಯಲ್ಲಿ ಓದಿ ತಿಳಿಯುವುದೇ ಪ್ರಥಮ ಕರ್ತವ್ಯ. ಒಂದರಲ್ಲಿ ಇನ್ನೊಂದನ್ನು ಬೆರಸಲಾಗದು.

ಇಲ್ಲಿ ‘ಮುಗಿದದ’ ಎಂಬ ಮಾತನ್ನು ಪರೀಕ್ಷಿಸೋಣ. ದೀಪದ ಎಣ್ಣೆಯು ಉರಿದು ಮುಗಿಯುತ್ತದೆ, ಶೀತದ್ರವ್ಯವು ಹಾಗಲ್ಲ. ಅದು ಮುಚ್ಚಿದ ನಳಿಗೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಬಹಳ ಕಡಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯುಂಟೆಂದೇ ಅರ್ಥ. ಸೋರಿಕೆಯನ್ನು ಹುಡುಕದೆ ತುಂಬಿಸುವುದು ತೂಬು ಒಡೆದ ಕೆರೆಗೆ ನೀರು ಹೊತ್ತಂತೆ. ಮೇಲಾಗಿ ‘ಮುಗಿದದ’ ಎಂದುಕೊಂಡವನು ನಳಿಗೆಯು ಬರಿದಾಗಿದೆಯೆಂದು ನಂಬಿ ಬಿಚ್ಚುತ್ತಾನೆ. ಆದರೆ ಆರ್-134ಎಯು ಸ್ವಲ್ಪ ದ್ರವರೂಪದಲ್ಲಿ ಉಳಿದಿದ್ದರೂ, ಎಂಜಿನು ನಿಂತಿದ್ದಾಗಲೇ, 40 ಡಿಗ್ರಿಯ ಬಿಸಿಲಿನಲ್ಲಿ ಅದರ ಒತ್ತಡವು ವಾತಾವರಣದ ಸುಮಾರು 10 ಮಡಿಯಷ್ಟಿರುತ್ತದೆ. ಹೊರಬಿದ್ದೊಡನೆ ಅದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ ಕುದಿಯುತ್ತದೆ. ಆ ಹುಡುಗನ ಬೆರಳುಗಳು ಬೆಳ್ಳಗಾದುದು ಹೀಗೆ.

ಹೀಗಿರಲು ವಿಧಿಕ್ರಮವು ತಾನಾಗಿಯೇ ಸಿದ್ಧವಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಚೀಲ, ಗಾಳಿಯಾಡುವ ಜಾಗ, ಇವು ಪೂರ್ವಾಂಗ. ದ್ರವ್ಯವನ್ನು ಗಾಳಿಗೆ ಬಿಡದೆ ಯಂತ್ರದಿಂದ ಸೆಳೆದು ಅದಕ್ಕೆಂದೇ ಇರುವ ಸಿಲಿಂಡರಿನಲ್ಲಿ ತುಂಬಬೇಕು. ಬಿಸಿಗೆ ದ್ರವವು ಹಿಗ್ಗುವುದರಿಂದ ಅದರ 100ರಲ್ಲಿ 80 ಪಾಲಿಗೆ ಮೀರಕೂಡದು. ಸೋರಿಕೆಯ ಪರೀಕ್ಷೆಗೆ ಒಣ ಸಾರಜನಕವೇ ಯೋಗ್ಯ. ಒತ್ತಿದ ಗಾಳಿಯೊಡನೆ ಬೆರೆತರೆ ಆರ್-134ಎಯೂ ಉರಿಯಬಲ್ಲದು. ಸರಿಪಡಿಸಿದ ಮೇಲೆ ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ತೆಗೆಯಬೇಕು. ತೇವವು ಉಳಿದರೆ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಕಡೆಯಲ್ಲಿ ಚೀಟಿಯಲ್ಲಿ ಹೇಳಿದಷ್ಟನ್ನೇ ತೂಗಿ ತುಂಬತಕ್ಕುದು.

ಹಳೆಯ ಜ್ಞಾನವನ್ನು ಇಲ್ಲಿ ವಿವೇಕದಿಂದ ಅನ್ವಯಿಸಬೇಕು. ಹಾಳುಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು, ಅದು ಆರಿದರೆ ಇಳಿಯದಿರುವುದು ನಮ್ಮ ಹಿರಿಯರ ಎಚ್ಚರ. ಕೆಳಗೆ ಪ್ರಾಣವಾಯುವಿಲ್ಲವೆಂಬುದನ್ನು ದೀಪವು ತಿಳಿಸುತ್ತಿತ್ತು. ಶೀತದ್ರವ್ಯದ ಆವಿಯೂ ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನಿಂತು ಉಸಿರುಗಟ್ಟಿಸುತ್ತದೆ. ಆದರೆ ಇಲ್ಲಿ ದೀಪವನ್ನೊಡ್ಡುವುದು ಮಹಾಪ್ರಮಾದ. ಜ್ವಾಲೆಗೆ ಸೋಕಿದ ಈ ದ್ರವ್ಯಗಳಿಂದ ಉಗ್ರವಾದ ವಿಷಾಮ್ಲಗಳು ಹುಟ್ಟುತ್ತವೆ. ಎಚ್ಚರದ ತತ್ತ್ವವು ಒಂದೇ ಆದರೂ ಉಪಾಯವು ಬೇರೆ.

ಉಷ್ಣಯಂತ್ರದ ಮಾತನ್ನು ಸಂಕ್ಷೇಪವಾಗಿ ಹೇಳುವೆನು. ಬೀದರದ ಚಳಿಗಾಲದಲ್ಲಿ ರಾತ್ರಿಯ ಶಾಖವು ಕೆಲವೊಮ್ಮೆ 10 ಡಿಗ್ರಿಗೂ ಕೆಳಗಿಳಿಯುವುದರಿಂದ ಇದೂ ಅನಾವಶ್ಯಕವಲ್ಲ. ಕೋಟೆಯಲ್ಲಿ ಇಂದು ಪ್ರಾಚ್ಯವಸ್ತು ಸಂಗ್ರಹಾಲಯವಿರುವ ಕಟ್ಟಡವು ಹಿಂದೆ ಹಮಾಮಾಗಿತ್ತು. ಬಿಸಿನೀರಿನ ಭೋಗವೂ ಈ ಊರಿಗೆ ಹಳೆಯದೇ. ಕಾರಿನಲ್ಲಿ ಎಂಜಿನನ್ನು ತಣಿಸಿ ಬಿಸಿಯಾದ ನೀರೇ ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಆ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿಯನ್ನು ಮೀರಿಯೂ ಕುದಿಯದೆ ಇರುತ್ತದೆ. ಎಂಜಿನು ಆರುವ ಮುನ್ನ ಮುಚ್ಚಳವನ್ನು ತಿರುಗಿಸಿದರೆ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅದರಲ್ಲಿ ಬೆರಸುವ ಗ್ಲೈಕಾಲು ಸಿಹಿಯಾದ ವಿಷ. ಮಕ್ಕಳಿಗೂ ಪಶುಗಳಿಗೂ ಎಟುಕದಂತೆ ಇಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ನಡೆಸಿದರೆ ವಾಸನೆಯಿಲ್ಲದ ವಿಷವಾಯುವು ಪ್ರಾಣಾಪಹಾರಿ.

ಬಹಮನಿಯರ ಕಾಲದ ಕುಶಲಿಗಳು ಹೂಳೆತ್ತುವವನ ದಾರಿಯನ್ನು ಮೊದಲೇ ತೆರೆದಿಟ್ಟರು. ನಮ್ಮ ಶಾಸನಕರ್ತರು ಜೀರ್ಣೋದ್ಧಾರಕ್ಕೆ ಭೂಮಿಯನ್ನು ಬಿಟ್ಟರು. ಸರಿಪಡಿಸುವವನು ಕೀಳಲ್ಲ, ಅವನಿಗೂ ವೃತ್ತಿಯುಂಟು, ರಕ್ಷಣೆಯುಂಟು ಎಂಬುದೇ ಇವೆರಡರ ತಾತ್ಪರ್ಯ. ಇಂದು ಭಾಲ್ಕಿ, ಔರಾದಗಳ ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆ ಬಿತ್ತುವಟ್ಟವನ್ನು ಬಿಡುವವರಾರು? ಕಡೆಗೆ ಒಂದು ಜೊತೆ ಕೈಚೀಲ, ಒಂದು ಕನ್ನಡಕ, ಮತ್ತು ಸರಿಯಾದ ಒಂದು ಮಾತನ್ನಾದರೂ ಅವರಿಗೆ ಕೊಡೋಣ. ‘ಮುಗಿದದ’ ಎನ್ನುವಲ್ಲಿ ‘ಸೋರೇದ’ ಎನ್ನಲು ಕಲಿಸಿದರೆ, ಬಿಚ್ಚುವ ಮುನ್ನ ಹುಡುಕುವ ಬುದ್ಧಿಯು ಬರುವುದು. ವ್ಯವಹಾರದ ಕನ್ನಡವನ್ನು ತಿದ್ದುವ ಅಧಿಕಾರವುಳ್ಳ ಅಧ್ಯಾಪಕ ಮಹಾಶಯರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ.