ಲಾಸ್ ಪಿನ್ಯಾಸ್‌ನ ಬಿದಿರ ಆರ್ಗನ್: ಒಂದು ಜೀರ್ಣೋದ್ಧಾರದ ಪಾಠ

ಶ್ರದ್ಧೆಯ ದೇಶೀಕರಣವನ್ನು ಕುರಿತು ಚರ್ಚಿಸುವಾಗ ನಾವು ಭಾಷೆ, ರಾಗ, ದೀಪ, ಉಡುಪುಗಳನ್ನು ಪ್ರಸ್ತಾಪಿಸುತ್ತೇವೆ. ಅವನ್ನು ಮುಂದಕ್ಕೆ ಕಾಯುವ ಕೈಗಳ ವಿಚಾರ ಅಪರೂಪಕ್ಕೆ ಬರುತ್ತದೆ. ಫಿಲಿಪೈನ್ಸ್ ರಾಜಧಾನಿ ಮನಿಲಾದ ದಕ್ಷಿಣಕ್ಕಿರುವ ಲಾಸ್ ಪಿನ್ಯಾಸ್‌ನಲ್ಲಿ, ಸಂತ ಜೋಸೆಫರ ದೇವಾಲಯದ ಆರ್ಗನ್ ಈ ಕೊರತೆಯನ್ನು ನಮಗೆ ತೋರಿಸಿಕೊಡುತ್ತದೆ.

ಸ್ಪೇನಿನಿಂದ ಬಂದ ಅಗಸ್ಟೀನಿಯನ್ ರಿಕಲೆಕ್ಟ್ ಸಭೆಯ ಗುರು ದಿಯೆಗೊ ಸೆರಾ 1816ರಲ್ಲಿ ಈ ವಾದ್ಯದ ಕೆಲಸವನ್ನು ಕೈಗೊಂಡರು. ಕಡಿದ ಬಿದಿರಿಗೆ ಹುಳು ಹಿಡಿಯದಿರಲೆಂದು ಅದನ್ನು ಕಡಲ ದಂಡೆಯ ಮರಳಿನಲ್ಲಿ ಹೂಳಿಟ್ಟು ಹದಗೊಳಿಸಿದರು. 1824ರಲ್ಲಿ ಪೂರ್ಣಗೊಂಡ ವಾದ್ಯದ 1,031 ಕೊಳವೆಗಳಲ್ಲಿ 902 ಬಿದಿರಿನವು, 129 ಲೋಹದವು. ಮುಂದಕ್ಕೆ ಚಾಚಿರುವ ತುತ್ತೂರಿ ಕೊಳವೆಗಳನ್ನು ಅವರು ಲೋಹದಿಂದಲೇ ಮಾಡಿಸಿದರು. ಆ ನಾದ ಬಿದಿರಿಗೆ ಒಲಿಯುವಂಥದಲ್ಲ. ದೇಶೀಯತೆ ಅವರಿಗೆ ಹಟವಾಗಿರಲಿಲ್ಲ, ಆರಾಧನೆಯ ಸೇವೆಯಾಗಿತ್ತು ಎಂದು ನಾವು ಭಾವಿಸುತ್ತೇವೆ.

ಮುಂದೆ ಭೂಕಂಪಗಳೂ ಚಂಡಮಾರುತಗಳೂ ದೇವಾಲಯವನ್ನು ಜರ್ಜರಗೊಳಿಸಿದವು. ಆರ್ಗನ್ ದೀರ್ಘಕಾಲ ಮೂಕವಾಯಿತು. ನಡುವೆ ನಡೆದ ದುರಸ್ತಿಗಳು ಭಾಗಶಃ ಮಾತ್ರ ಫಲಿಸಿದವು. ಕಡೆಗೆ 1973ರಲ್ಲಿ ಅದನ್ನು ಬಿಚ್ಚಿ, ಜರ್ಮನಿಯ ಬಾನ್ ನಗರದಲ್ಲಿರುವ ಯೊಹಾನೆಸ್ ಕ್ಲೈಸ್ ಕಾರ್ಯಾಗಾರಕ್ಕೆ ಕಳುಹಿಸಲಾಯಿತು. ಚಳಿನಾಡಿನ ಒಣಗಾಳಿಗೆ ಬಿದಿರು ಸೀಳಬಾರದೆಂದು ಅಲ್ಲಿ ಉಷ್ಣವಲಯದ ತೇವಾಂಶವುಳ್ಳ ಕೋಣೆಯನ್ನೇ ಸಿದ್ಧಪಡಿಸಿದ್ದರು. 1975ರಲ್ಲಿ ವಾದ್ಯ ತವರಿಗೆ ಮರಳಿತು. ಅಷ್ಟರಲ್ಲಿ ದೇವಾಲಯದ ಜೀರ್ಣೋದ್ಧಾರವೂ ಆಗಿತ್ತು.

ಕತೆ ಅಲ್ಲಿಗೇ ನಿಂತಿದ್ದರೆ, ಸ್ಥಳೀಯ ಬಿದಿರಿನ ವಾದ್ಯವು ಪ್ರತಿ ದುರಸ್ತಿಗೂ ಪರದೇಶದ ಕುಶಲಿಗಳನ್ನೇ ನೆಚ್ಚಬೇಕಾಗುತ್ತಿತ್ತು. ಹಾಗಾಗಲಿಲ್ಲ. ಫಿಲಿಪೈನ್ಸಿನ ಯುವಕರು ಯೂರೋಪಿನಲ್ಲಿ ಆರ್ಗನ್ ನಿರ್ಮಾಣವನ್ನು ಕಲಿತು ಬಂದರು. ಲಾಸ್ ಪಿನ್ಯಾಸ್‌ನಲ್ಲೇ ಸೆರಾ ಅವರ ಹೆಸರಿನ ಕಾರ್ಯಾಗಾರವೊಂದು ಹುಟ್ಟಿತು. ಮುಂದಿನ ಜೀರ್ಣೋದ್ಧಾರವನ್ನು ಅವರೇ ನೆರವೇರಿಸಿದರು. ದೇಶೀಕರಣ ನಿಜಕ್ಕೂ ಪೂರ್ಣಗೊಂಡದ್ದು 1824ರಲ್ಲಲ್ಲ, ಆ ಕೈಗಳಲ್ಲಿ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಆರಾಧನಾ ಸಂವಿಧಾನದ 120ನೇ ಪರಿಚ್ಛೇದದಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನಿತ್ತು, ಪೂಜ್ಯ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ಹಾರ್ಮೋನಿಯಂ, ತಬಲಾಗಳು ನಮ್ಮ ಬಲಿಪೂಜೆಯಲ್ಲಿ ನೆಲೆಯಾದವು. ಅವುಗಳ ತಿದಿ ಹರಿದಾಗ, ಶ್ರುತಿ ತಪ್ಪಿದಾಗ ಸರಿಪಡಿಸಬಲ್ಲವರನ್ನು ನಮ್ಮ ಧರ್ಮಕೇಂದ್ರಗಳು ಬೆಳೆಸುತ್ತಿವೆಯೇ? ನಾಳೆ ಪೀಠದ ಸೇವೆಗೆ ನಿಲ್ಲಲಿರುವ ಗುರು ಅಭ್ಯರ್ಥಿಗಳು ಈ ಪ್ರಶ್ನೆಯನ್ನು ತಮ್ಮದಾಗಿಸಿಕೊಳ್ಳಲೆಂದು ನಾವು ಆಶಿಸುತ್ತೇವೆ.