ಐರ್ಲೆಂಡಿನ ‘ದಿಬ್ಬದ ಜನ’

ಇಂಗ್ಲಿಷಿನಲ್ಲಿ ‘ಫೇರಿ’ ಎಂದು ಕರೆಯಲ್ಪಡುವ ಅಮಾನುಷ ಜೀವಿಗಳಿಗೆ ನಮ್ಮ ಭಾಷಾಂತರಕಾರರು ಯಕ್ಷಿಣಿ, ಕಿನ್ನರಿ, ಅಪ್ಸರೆ ಎಂಬ ಮಾತುಗಳನ್ನು ಬಳಸುತ್ತ ಬಂದಿದ್ದಾರೆ. ಮಕ್ಕಳ ಕಥೆಗಳಿಗೆ ಈ ಮಾತುಗಳು ಸಾಕು. ಆದರೆ ಆ ನಂಬಿಕೆಯು ಬಹುಕಾಲ ಜೀವಂತವಾಗಿ ನೆಲೆಸಿದ್ದ ಐರ್ಲೆಂಡು ದೇಶದ ಚರಿತ್ರೆಯನ್ನು ತಿಳಿಯಹೊರಟವನಿಗೆ ಇವು ಸಾಲವು. ನಮ್ಮ ಯಕ್ಷಿಗೆ ಗುಡಿಯುಂಟು, ಪೂಜೆಯುಂಟು; ಹೊಂಬುಜದ ಪದ್ಮಾವತಿಯಂತೆ ತೀರ್ಥಂಕರನ ಶಾಸನದೇವತೆಯೆಂಬ ಪದವಿಯೂ ಉಂಟು. ಅಪ್ಸರೆಗೆ ಇಂದ್ರನ ಸಭೆಯುಂಟು. ಐರ್ಲೆಂಡಿನ ಆ ಜನಕ್ಕಾದರೋ ಗುಡಿಯೂ ಇಲ್ಲ, ಸಭೆಯೂ ಇಲ್ಲ. ಅವರ ನೆಲೆ ಹೊಲದ ನಡುವಣ ಹಳೆಯ ಮಣ್ಣಿನ ದಿಬ್ಬ. ಅಲ್ಲಿನ ದೇಶಭಾಷೆಯಲ್ಲಿ ‘ಶೀ’ ಎಂದರೆ ದಿಬ್ಬ. ಅದರೊಳಗೆ ವಾಸಿಸುವವರಿಗೂ ಅದೇ ಹೆಸರು. ಆದುದರಿಂದ ಈ ಲೇಖನದಲ್ಲಿ ನಾವು ಅವರನ್ನು ‘ದಿಬ್ಬದ ಜನ’ವೆಂದೇ ಕರೆಯುವೆವು.

ಚಿತ್ರಪುಸ್ತಕಗಳಲ್ಲಿ ಕಾಣುವ, ಚಿಟ್ಟೆಯ ರೆಕ್ಕೆಯುಳ್ಳ ಬೆರಳುದ್ದದ ಸುಂದರಿಯರಿಗೂ ಇವರಿಗೂ ಸಂಬಂಧ ಬಹಳ ಕಡಮೆ. ದಿಬ್ಬದ ಜನ ನೋಟಕ್ಕೆ ಮನುಷ್ಯರಂತೆಯೇ ಇರುವರು. ದನಕರು ಸಾಕುವರು, ಚೆಂಡಾಟವಾಡುವರು, ಮದುವೆ ಮುಂಜಿಗಳಂತಹ ಸಡಗರಗಳನ್ನು ನಡೆಸುವರು, ತಮ್ಮತಮ್ಮೊಳಗೆ ಕಾದಾಡುವರು ಎಂದು ಜನ ಹೇಳುತ್ತಿದ್ದರು. ಅವರ ಹೆಸರನ್ನು ನೇರವಾಗಿ ಎತ್ತಬಾರದು; ‘ಒಳ್ಳೆಯವರು’ ಎನ್ನಬೇಕು. ರಾತ್ರಿಯ ಹೊತ್ತು ಹಾವನ್ನು ‘ಹುಳ’ವೆನ್ನುವ, ಸಿಡುಬನ್ನು ‘ಅಮ್ಮ’ನೆನ್ನುವ ನಮ್ಮ ಜನಕ್ಕೆ ಈ ಎಚ್ಚರಿಕೆಯ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ. ದಾರಿಯ ಧೂಳು ಸುಳಿಸುಳಿಯಾಗಿ ಎದ್ದರೆ ಅದು ಅವರ ಸವಾರಿ. ಅದರ ಸೋಂಕು ತಗುಲಿದವನು ಕಾಯಿಲೆ ಬೀಳುವನು. ನಮ್ಮ ಹಳ್ಳಿಗಳಲ್ಲಿ ‘ಗಾಳಿ ಸೋಕಿದೆ’ ಎಂಬ ಮಾತಿಗೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟವಾಗಿದೆ.

ಈ ನಂಬಿಕೆ ನೆಲಕ್ಕೆ ಅಂಟಿಕೊಂಡು ಬೆಳೆದುದು. ವರ್ತುಲಾಕಾರದ ಮಣ್ಣಿನ ಕೋಟೆಗಳು ಐರ್ಲೆಂಡಿನಲ್ಲಿ 40,000ಕ್ಕೂ ಮೇಲ್ಪಟ್ಟು ಇವೆ. ಇವುಗಳಲ್ಲಿ ಬಹುಭಾಗ ಕ್ರಿ. ಶ. 500ರಿಂದ 1000ದವರೆಗಿನ ಕಾಲದಲ್ಲಿ ರೈತರು ತಮ್ಮ ಮನೆ ಮತ್ತು ದನಗಳ ಸುತ್ತ ಹಾಕಿಕೊಂಡ ಒಡ್ಡುಗಳೆಂದು ಪ್ರಾಕ್ತನಶೋಧಕರು ನಿರ್ಧರಿಸಿದ್ದಾರೆ. ಕಟ್ಟಿದವರು ಮರೆತುಹೋದ ಮೇಲೆ ಅವು ದಿಬ್ಬದ ಜನರ ಮನೆಗಳಾದುವು. ಅವುಗಳ ಮೇಲೆ ನೇಗಿಲು ಹಾಯಿಸಲು, ಅಲ್ಲಿನ ಮುಳ್ಳುಮರವನ್ನು ಕಡಿಯಲು ರೈತನು ಹೆದರಿದನು. ಶಾಸನವೊಂದೂ ಇಲ್ಲದ ಕಾಲದಲ್ಲಿ ಇಷ್ಟೊಂದು ಪ್ರಾಚೀನಾವಶೇಷಗಳು ಉಳಿದುಕೊಂಡುದು ಬಹುಮಟ್ಟಿಗೆ ಈ ಹೆದರಿಕೆಯಿಂದಲೇ. ನಂಬಿಕೆಯು ಚರಿತ್ರೆಗೆ ಮಾಡಿದ ಉಪಕಾರವಿದು.

ಇದಕ್ಕಿಂತ ಆಳವಾದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತಿದ್ದಿತು. ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ಸೊರಗಿದರೆ, ಹೆತ್ತ ತಾಯಿ ಮಂಕಾಗಿ ಕೂಸಿನ ಕಡೆ ಮುಖ ತಿರುಗಿಸದಿದ್ದರೆ, ಪ್ರಾಯದ ಹುಡುಗಿ ಕ್ಷಯದಿಂದ ಕರಗಿದರೆ, ಅದಕ್ಕೆ ಕಾರಣವನ್ನು ಹೇಳಬಲ್ಲ ವೈದ್ಯನು ಊರಿನಲ್ಲಿರಲಿಲ್ಲ. ‘ದಿಬ್ಬದವರು ನಮ್ಮವಳನ್ನು ಕೊಂಡೊಯ್ದು, ಅವಳ ರೂಪದ ಬೇರೊಂದನ್ನು ಇಲ್ಲಿ ಬಿಟ್ಟಿದ್ದಾರೆ’ ಎಂಬ ಕಥೆ ಆಗ ನೆರವಿಗೆ ಬರುತ್ತಿದ್ದಿತು. ಬಾಯಿಬಿಟ್ಟು ಹೇಳಲಾರದ ದುಃಖಕ್ಕೂ ನಾಚಿಕೆಗೂ ಅದು ಒಂದು ಮಾತನ್ನು ಒದಗಿಸಿತು. ಸತ್ತವಳು ಎಲ್ಲಿಯೋ ಬದುಕಿದ್ದಾಳೆಂಬ ಆಸೆಯನ್ನೂ ಉಳಿಸಿತು. ಆದರೆ ಅದೇ ಕಥೆಯ ಇನ್ನೊಂದು ಅಂಚು ಹರಿತವಾದುದು. ಎದುರಿಗಿರುವುದು ನಮ್ಮ ಮಗುವಲ್ಲವೆಂದ ಮೇಲೆ ಅದನ್ನು ಏನು ಮಾಡಿದರೂ ಪಾಪವಿಲ್ಲ. 1826ರಲ್ಲಿ ಕೆರಿ ಪ್ರಾಂತದಲ್ಲಿ, ನಿಲ್ಲಲೂ ಮಾತಾಡಲೂ ಬಾರದ ಒಂದು ಎಳೆಯ ಮಗುವನ್ನು ದಿಬ್ಬದವರ ಸೋಂಕು ಬಿಡಿಸುವೆವೆಂದು ಹೊಳೆಯಲ್ಲಿ ಮುಳುಗಿಸಲಾಯಿತು. ಮಗು ಸತ್ತಿತು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ನ್ಯಾಯಸ್ಥಾನವು ಆಪಾದಿತೆಯನ್ನು ಬಿಟ್ಟುಬಿಟ್ಟಿತು.

ಹತ್ತೊಂಬತ್ತನೆಯ ಶತಮಾನದ ನಡುವೆ ಬಂದ ಮಹಾಕ್ಷಾಮದಿಂದ ಆ ದೇಶದ ಹಳ್ಳಿಗಾಡು ಬರಿದಾಯಿತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿ ಹೊರಟುಹೋದರು. ಅವರೊಡನೆ ಅವರ ಭಾಷೆಯೂ ಕಥೆಗಳೂ ಅಳಿಯತೊಡಗಿದುವು. ಉಳಿದುದನ್ನಾದರೂ ಬರೆದಿಡಬೇಕೆಂದು ವಿದ್ಯಾವಂತರು ಮುಂದೆ ಬಂದರು. 1888ರಲ್ಲಿ ಕವಿ ಯೇಟ್ಸನು ಐರಿಷ್ ರೈತರ ಕಥೆಗಳ ಸಂಗ್ರಹವನ್ನು ಹೊರಡಿಸಿದನು; 1893ರಲ್ಲಿ ಅವನ ‘ಕೆಲ್ಟಿಕ್ ಟ್ವೈಲೈಟ್’ ಪ್ರಕಟವಾಯಿತು. ಪರರ ಆಳಿಕೆಯಲ್ಲಿದ್ದ ಜನಾಂಗಕ್ಕೆ ತನ್ನದೇ ಆದ ಒಂದು ಅಂತರಂಗವುಂಟೆಂದು ತೋರಿಸಿಕೊಳ್ಳಲು ದಿಬ್ಬದ ಜನ ಸಾಧನವಾದರು. ಹಳ್ಳಿಯಲ್ಲಿ ಭಯವಾಗಿದ್ದುದು ಪಟ್ಟಣದಲ್ಲಿ ಸೌಂದರ್ಯವಾಯಿತು.

ಅನಂತರ ಎರಡೇ ವರ್ಷಕ್ಕೆ, 1895ರ ಮಾರ್ಚಿಯಲ್ಲಿ, ಟಿಪ್ಪರರಿ ಪ್ರಾಂತದ ಬಾಲಿವಡ್ಲೀ ಎಂಬ ಹಳ್ಳಿಯಲ್ಲಿ ಒಂದು ಘೋರಕೃತ್ಯ ನಡೆಯಿತು. ಬ್ರಿಜೆಟ್ ಕ್ಲಿಯರಿ ಎಂಬಾಕೆ ಸುಮಾರು 26 ವರ್ಷದ ಗೃಹಿಣಿ. ಬಟ್ಟೆ ಹೊಲಿದು, ಕೋಳಿ ಸಾಕಿ ಮೊಟ್ಟೆ ಮಾರಿ ತನ್ನದೆಂದು ನಾಲ್ಕು ಕಾಸು ಸಂಪಾದಿಸುತ್ತಿದ್ದಳು. ಮದುವೆಯಾಗಿ ಏಳೆಂಟು ವರ್ಷವಾದರೂ ಮಕ್ಕಳಿರಲಿಲ್ಲ. ಗಂಡ ಮೈಕೆಲ್ ಮರದ ಪೀಪಾಯಿಗಳನ್ನು ಮಾಡುವ ಕಸಬಿನವನು. ತಿಂಗಳ ಮೊದಲಲ್ಲಿ ಮೊಟ್ಟೆ ಕೊಟ್ಟುಬರಲು ಹೋದವಳು ಚಳಿಹಿಡಿದು, ತಲೆನೋವು ಬಂದು ಮಲಗಿದಳು. ವೈದ್ಯನೂ ಬಂದನು, ಪಾದ್ರಿಯೂ ಬಂದನು. ಆದರೆ ಹಾಸಿಗೆಯಲ್ಲಿರುವವಳು ತನ್ನ ಹೆಂಡತಿಯೇ ಅಲ್ಲವೆಂಬ ಶಂಕೆ ಗಂಡನ ಮನಸ್ಸಿನಲ್ಲಿ ಬೇರೂರಿದ್ದಿತು. 14ನೆಯ ತಾರೀಖಿನ ರಾತ್ರಿ ಬಂಧುಗಳು ಅವಳನ್ನು ಒತ್ತಿಹಿಡಿದು ಗಿಡಮೂಲಿಕೆಯ ಕಷಾಯವನ್ನು ಬಲಾತ್ಕಾರದಿಂದ ಕುಡಿಸಿದರು, ‘ನೀನು ಬ್ರಿಜೆಟ್ಟಳೇ? ದೇವರ ಹೆಸರಿನಲ್ಲಿ ಹೇಳು’ ಎಂದು ಮತ್ತೆಮತ್ತೆ ಕೇಳಿದರು. ಒಲೆಯ ಬೆಂಕಿಯ ಮೇಲೆ ಹಿಡಿದರು. ಮರುದಿನ ರಾತ್ರಿ ಗಂಡನು ಅದೇ ಪ್ರಶ್ನೆಯನ್ನು ಕೇಳುತ್ತ, ಅವಳನ್ನು ನೆಲಕ್ಕೆ ಕೆಡವಿ, ದೀಪದ ಎಣ್ಣೆ ಸುರಿದು ಸುಟ್ಟನು. ಅವಳ ತಂದೆಯೂ ಹತ್ತಿರದ ನಂಟರೂ ಆ ಮನೆಯೊಳಗೇ ಇದ್ದರು.

ಇದಾದ ಮೇಲೆ ಮೈಕೆಲನು ಕೈಲನಗ್ರಾನದ ದಿಬ್ಬಕ್ಕೆ ಹೋಗಿ ರಾತ್ರಿಯೆಲ್ಲ ಕಾದನು. ನಿಜವಾದ ಹೆಂಡತಿ ಬಿಳಿಯ ಕುದುರೆಯೇರಿ ಅಲ್ಲಿಂದ ಹೊರಬರುವಳೆಂದೂ, ಅವಳನ್ನು ಕಟ್ಟಿದ ಹಗ್ಗವನ್ನು ಕಪ್ಪು ಹಿಡಿಯ ಚೂರಿಯಿಂದ ಕೊಯ್ದರೆ ಅವಳು ತನ್ನವಳಾಗುವಳೆಂದೂ ಅವನು ನಂಬಿದ್ದನು. ಯಾರೂ ಬರಲಿಲ್ಲ. 22ನೆಯ ತಾರೀಖು ಪೋಲೀಸಿನವರು ಹೂತಿಟ್ಟಿದ್ದ ಶವವನ್ನು ಕಂಡುಹಿಡಿದರು. ಜುಲೈಯಲ್ಲಿ ಕ್ಲಾನ್‌ಮೆಲ್ ಪಟ್ಟಣದಲ್ಲಿ ವಿಚಾರಣೆ ನಡೆದು ಮೈಕೆಲನಿಗೆ 20 ವರ್ಷಗಳ ಕಠಿಣ ಶಿಕ್ಷೆಯಾಯಿತು. ಉಳಿದವರಲ್ಲಿ ತಂದೆಯೂ ಸೇರಿದಂತೆ ಹಲವರಿಗೆ ಕಡಮೆ ಶಿಕ್ಷೆಗಳಾದುವು. 1910ರಲ್ಲಿ ಬಿಡುಗಡೆ ಹೊಂದಿ ಮೈಕೆಲನು ಕೆನಡಾಕ್ಕೆ ಹೊರಟುಹೋದನು.

ಐರ್ಲೆಂಡಿಗೆ ಸ್ವಯಮಾಡಳಿತವನ್ನು ಕೊಡುವ ಮಸೂದೆಯನ್ನು ಪ್ರಭುಗಳ ಸಭೆಯು ತಿರಸ್ಕರಿಸಿ ಆಗ ಎರಡು ವರ್ಷವಾಗಿದ್ದಿತು. ಆ ಬೇಡಿಕೆಯ ವಿರೋಧಿಗಳಿಗೆ ಈ ಕೊಲೆ ಒಳ್ಳೆಯ ಅಸ್ತ್ರವಾಗಿ ಒದಗಿತು. ಹೆಂಡತಿಯನ್ನು ದಿಬ್ಬದವರ ಹೆಸರಿನಲ್ಲಿ ಸುಡುವ ಜನ ತಮ್ಮನ್ನು ತಾವು ಆಳಿಕೊಳ್ಳಬಲ್ಲರೇ ಎಂಬುದು ಅವರ ವಾದ. ಈ ತರ್ಕದ ಧಾಟಿ ನಮ್ಮ ದೇಶಕ್ಕೂ ಅಪರಿಚಿತವಲ್ಲ. ಒಬ್ಬ ಹೆಂಗಸಿನ ಸಾವು ಒಂದು ಜನಾಂಗದ ಯೋಗ್ಯತೆಯ ಪ್ರಶ್ನೆಯಾಗಿ ಮಾರ್ಪಟ್ಟು, ಆ ಹೆಂಗಸು ಮಾತ್ರ ಮರೆಯಾದಳು. ಇತ್ತ ದಿಬ್ಬದ ಜನರನ್ನು ಕೊಂಡಾಡಿದ ಕಾವ್ಯಲೋಕದಲ್ಲಿಯೂ ಅವಳಿಗೆ ಎಡೆ ದೊರೆಯಲಿಲ್ಲ.

ಇಂತಹ ನಂಬಿಕೆ ಅವಿದ್ಯಾವಂತರ ಪಾಲಿನದೆಂಬ ಮಾತಾದರೂ ನಿಲ್ಲುವುದೇ ಎಂದರೆ, ಅದೂ ಇಲ್ಲ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ 16 ಮತ್ತು 9 ವರ್ಷದ ಇಬ್ಬರು ಹುಡುಗಿಯರು, ರೆಕ್ಕೆಯುಳ್ಳ ಪುಟ್ಟ ಜೀವಿಗಳೊಡನೆ ತಾವಿರುವ ಛಾಯಾಚಿತ್ರಗಳನ್ನು ತೆಗೆದರು. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ, ವೈದ್ಯಶಾಸ್ತ್ರ ಓದಿದ ಆರ್ಥರ್ ಕಾನನ್ ಡಾಯಲನು ಅವು ನಿಜವೆಂದು 1920ರಲ್ಲಿ ಪತ್ರಿಕೆಯಲ್ಲಿ ಬರೆದು, 1922ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಯುದ್ಧಕಾಲದಲ್ಲಿ ಮಗನನ್ನು ಕಳೆದುಕೊಂಡಿದ್ದ ಆ ತಂದೆ ಕಾಣದ ಲೋಕದ ಸಾಕ್ಷ್ಯಕ್ಕಾಗಿ ಹಂಬಲಿಸುತ್ತಿದ್ದನು. ಕಾಗದದಲ್ಲಿ ಕತ್ತರಿಸಿದ ಚಿತ್ರಗಳನ್ನು ಟೋಪಿಯ ಸೂಜಿಗಳಿಂದ ನಿಲ್ಲಿಸಿದ್ದೆವೆಂದು ಆ ಹುಡುಗಿಯರು ಮುದುಕಿಯರಾದ ಮೇಲೆ, 1983ರಲ್ಲಿ, ಒಪ್ಪಿಕೊಂಡರು. ಡಾಯಲನ ನಂಬಿಕೆ ಮೈಕೆಲನ ನಂಬಿಕೆಗಿಂತ ಹೆಚ್ಚು ವಿವೇಕದ್ದೆಂದು ಹೇಳಲಾಗದು. ಆದರೆ ಅದರಿಂದ ಯಾರೂ ಸಾಯಲಿಲ್ಲ. ಇಬ್ಬರಿಗೂ ಇರುವ ಭೇದ ವಿದ್ಯೆಯದಲ್ಲ; ನಂಬಿದವನ ಕೈಯಲ್ಲಿ ಇನ್ನೊಬ್ಬರ ದೇಹ ಸಿಕ್ಕಿದ್ದಿತೇ ಇಲ್ಲವೇ ಎಂಬುದರದು.

ನಮ್ಮ ಅಭಿಪ್ರಾಯದಲ್ಲಿ ಈ ಚರಿತ್ರೆಯ ಸಾರ ಇದೇ. ದಿಬ್ಬದ ಜನರ ಕಥೆಯನ್ನು ಸಾವಿರಾರು ಮನೆಗಳು ಶತಮಾನಗಳ ಕಾಲ ಹೇಳಿಕೊಂಡುವು. ಅವುಗಳಲ್ಲಿ ಬಹುಪಾಲು ಮನೆಗಳು ಯಾರನ್ನೂ ಸುಡಲಿಲ್ಲ. ಕಥೆ ಕಥೆಯಾಗಿದ್ದಾಗ ಸಂಕಟವನ್ನು ಹೊರಲು ಹೆಗಲಾಯಿತು. ಅದೇ ಕಥೆ ಮಲಗಿದ ರೋಗಿಯ ಮೇಲೆ ಕೊಟ್ಟ ತೀರ್ಪಾದಾಗ, ತಾನು ತಾನೇ ಎಂದು ಸಾಧಿಸುವ ದಾರಿಯೇ ಅವಳಿಗೆ ಉಳಿಯಲಿಲ್ಲ. ಅವಳು ಹೌದೆಂದರೂ ಅದು ಅವಳ ರೂಪದ ಇನ್ನೊಂದರ ಕಪಟವೇ ಆಗುತ್ತಿದ್ದಿತು. ಆ ತೀರ್ಪಿಗೆ ಗುರಿಯಾದವರು ಯಾರೆಂದು ನೋಡಿದರೆ ಎಳೆಯ ಮಕ್ಕಳು, ಅಂಗವಿಕಲರು, ಬಂಜೆಯೆನಿಸಿಕೊಂಡ ಹೆಂಗಸರು. ಮನೆಯಲ್ಲಿ ಮಾತು ನಡೆಯದವರೇ ಎಲ್ಲರೂ.

ಸ್ವತಂತ್ರವಾದ ಐರ್ಲೆಂಡು ಈ ಪರಂಪರೆಯನ್ನು ನಡೆಸಿಕೊಂಡ ಬಗೆ ಅನುಕರಣೀಯವಾಗಿದೆ. 1935ರಲ್ಲಿ ಜಾನಪದ ಆಯೋಗವನ್ನು ಸ್ಥಾಪಿಸಿ, 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳ ಕೈಯಿಂದ ಅಜ್ಜ ಅಜ್ಜಿಯರ ಕಥೆಗಳನ್ನು ಬರೆಯಿಸಲಾಯಿತು. ಅಲ್ಲಿ ಸುಂದರವಾದುದೂ ಉಂಟು, ಕ್ರೂರವಾದುದೂ ಉಂಟು.

ಆ ದೇಶದ ಋಣ ಕನ್ನಡಕ್ಕೂ ಸ್ವಲ್ಪವಿದೆ. ಯೇಟ್ಸನ ಕಾಲದ ಐರಿಷ್ ನಾಟಕ ಚಳವಳಿಯಲ್ಲಿ ಪಾಲ್ಗೊಂಡು 1915ರಲ್ಲಿ ಭಾರತಕ್ಕೆ ಬಂದ ಜೇಮ್ಸ್ ಕಸಿನ್ಸರು, 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ತೋರಿಸಿದ ಇಂಗ್ಲಿಷ್ ಕವನಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಿರೆಂದು ಸಲಹೆಯಿತ್ತರು. ತಾಯ್ನುಡಿಯನ್ನು ಬಹುಮಟ್ಟಿಗೆ ಕಳೆದುಕೊಂಡ ನಾಡಿನವರ ಬಾಯಿಂದ ಬಂದ ಆ ಮಾತಿನ ತೂಕ ದೊಡ್ಡದು.

ದೆವ್ವ ಬಿಡಿಸುವ ನೆವದಲ್ಲಿ ಮನುಷ್ಯರನ್ನು ಹೊಡೆಯುವುದು, ಕಟ್ಟಿಹಾಕುವುದು ಮೊದಲಾದ ಕೃತ್ಯಗಳನ್ನು ಅಪರಾಧವೆಂದು ಸಾರುವ 2017ರ ಕಾಯಿದೆ ನಮ್ಮ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿದೆ. ಕಾಯಿದೆಯು ಕೈಯನ್ನು ತಡೆಯಬಲ್ಲುದು. ಕಥೆಯನ್ನು ತಡೆಯಲಾರದು, ತಡೆಯಬೇಕಾದುದೂ ಇಲ್ಲ. ಗಾಳಿಯ, ಜಲಕನ್ಯೆಯರ, ಮೋಹಿನಿಯ ಕಥೆಗಳನ್ನು ಬಲ್ಲ ಹಿರಿಯರು ವಾಚಕರ ಮನೆಗಳಲ್ಲಿ ಇನ್ನೂ ಇರುವರು. ಅವುಗಳನ್ನು ಹೇಳಿದವರ ಮಾತಿನಲ್ಲಿಯೇ, ಊರಿನ ಹೆಸರಿನೊಡನೆ, ಏನನ್ನೂ ಮರೆಮಾಚದೆ ಬರೆದಿಡುವುದು ನಮ್ಮ ಕರ್ತವ್ಯ. ಬರೆಯುವಾಗ ಒಂದು ಪ್ರಶ್ನೆಯನ್ನು ಮಾತ್ರ ಮರೆಯಬಾರದು: ಗಾಳಿ ಸೋಕಿತೆಂದು ಊರು ಹೇಳಿದ ಆ ಹೆಣ್ಣುಮಗಳ ಗತಿ ಮುಂದೇನಾಯಿತು?